ಕುರುಗೋಡಿನ ಬೇಸ್ ಪೆಟ್ಟಿಗೆ

ಬಳ್ಳಾರಿಗೆ ಟೀವಿ ಬಂದ ಹೊಸತು. ಬ್ರೂಸ್‌ಪೇಟೆಯಲ್ಲಿದ್ದ ನನ್ನ ರಿಪೇರಿ ಅಂಗಡಿಯಲ್ಲಿ ಆಗ ಕಾಲಿಡಲು ಜಾಗವಿರಲಿಲ್ಲ. ರೇಡಿಯೋಗಳನ್ನು ಮೂಲೆಗೆ ಒತ್ತಿ ಟೀವಿಗಳು ಬಂದು ಕೂತಿದ್ದವು. ಒಂದೊಂದರ ಯಜಮಾನರೂ ಭಾನುವಾರದೊಳಗೆ ಬೇಕೆಂದು ಹಟ ಹಿಡಿಯುವವರೇ. ಬೆಸೆಯುವ ಕಡ್ಡಿಯ ಕಾವಿಗೆ ಗಾಳಿ ಬಡಿದರೆ ಬೆಸುಗೆ ಸರಿಯಾಗಿ ಕೂರುವುದಿಲ್ಲವೆಂದು ನಾನು ಕೆಲಸದ ಹೊತ್ತಿನಲ್ಲಿ ಫ್ಯಾನು ಹಾಕುತ್ತಿರಲಿಲ್ಲ. ಬಳ್ಳಾರಿಯ ಬೇಸಿಗೆಯಲ್ಲಿ ಫ್ಯಾನಿಲ್ಲದೆ ದಿನವಿಡೀ ಬಗ್ಗಿ ಕೂತರೆ ಸಂಜೆ ಏಳುವಾಗ ಸೊಂಟ ನನ್ನದಲ್ಲವೆನಿಸುತ್ತಿತ್ತು.

ಅಂಥ ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಜಟಕಾ ನಿಂತಿತು. ಅದರಿಂದ ಇಳಿದ ಹೆಂಗಸು ಕುರುಗೋಡಿನ ಪ್ರಾಥಮಿಕ ಶಾಲೆಯ ಶಿಕ್ಷಕಿ. ಜಟಕಾದವನು ಹಿಂದಿನಿಂದ ಒಂದು ಮರದ ಪೆಟ್ಟಿಗೆಯನ್ನು ಎತ್ತಿ ತಂದಿಟ್ಟ. ಮೊಳಕಾಲೆತ್ತರದ ಪೆಟ್ಟಿಗೆ, ಮುಂದುಗಡೆ ಕಪ್ಪು ಬಟ್ಟೆ, ಅದರ ಹಿಂದೆ ಊಟದ ತಟ್ಟೆಯಷ್ಟು ಅಗಲದ ಸ್ಪೀಕರು.

"ಇದು ಬೇಸ್ ಪೆಟ್ಟಿಗಿ ಅಂತ್ರಿ. ಸಿರುಗುಪ್ಪದಾಗ ಮೈಕ್‌ಸೆಟ್ಟಿನೋರ ಕಡೆ ಮಾಡಿಸೀನಿ. ಟೇಪ್‌ರೆಕಾರ್ಡಿಗೆ ಜೋಡಿಸಿದ್ರ ಬರೇ ದಪ್ಪ ದನಿ ಬರತೈತಿ."

ನನಗೆ ಅಂಥದ್ದು ಹೊಸದು. ಮದುವೆ ಮನೆಗಳ ಮೈಕ್‌ಸೆಟ್ಟಿನಲ್ಲಿ ದೊಡ್ಡ ದೊಡ್ಡ ಪೆಟ್ಟಿಗೆ ನೋಡಿದ್ದೆ. ಮನೆಯಲ್ಲಿಟ್ಟುಕೊಳ್ಳಲು, ಬರೀ ತಗ್ಗು ಸ್ವರಕ್ಕೆಂದೇ, ಒಳಗೇ ಆಂಪ್ಲಿಫೈಯರು ಮತ್ತು ಅದಕ್ಕೆ ಬೇಕಾದ ಪವರ್ ಸಪ್ಲೈ ಕೂರಿಸಿದ ಪೆಟ್ಟಿಗೆಯನ್ನು ಕಂಡಿರಲಿಲ್ಲ.

"ಏನ್ ತೊಂದ್ರಿ ಐತ್ರಿ ಅಕ್ಕಾರ?" ಅಂದೆ. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆ ಹಾಗೆಯೇ ಅನ್ನುವುದು.

"ಒಂದೊಂದ್ ಸಲ ತಾಸಗಟ್ಲೆ ಆಡ್ತೈತ್ರಿ. ಒಮ್ಮಿಗಿಲೆ ಸತ್ತಂಗ ಸುಮ್ಮನಾಗತೈತಿ. ಆಮ್ಯಾಲ ತಾನ ಧಡ್ ಅಂತ ಎದ್ದು ಮತ್ತ ಶುರು ಹಚಗೊಂತೈತಿ."

"ಹಾಕಿದ ಕೂಡ್ಲೇನಾ, ಕಾದ ಮ್ಯಾಲಾ?"

"ಅದಕ್ಕ ಹೊತ್ತು ಗೊತ್ತು ಇಲ್ರಿ."

ರಿಪೇರಿ ಮಾಡುವವನಿಗೆ ಪೂರಾ ಸತ್ತ ಯಂತ್ರ ಸುಲಭ. ಆಗಾಗ ಸಾಯುವ ಯಂತ್ರದಷ್ಟು ದಣಿಸುವುದು ಇನ್ನೊಂದಿಲ್ಲ. ಟೀವಿಗಳ ರಾಶಿ ನೋಡಿ, ಆಗುವುದಿಲ್ಲ ಎಂದೇ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಆಕೆ ತಾನೇ ಸ್ಟೂಲೆಳೆದು ಕೂತು, ಈ ಪೆಟ್ಟಿಗೆ ಯಾಕೆ ಮಾಡಿಸಿದ್ದೆಂದು ಹೇಳಿದಳು.

ಆಕೆಯ ತಂದೆ ಬಯಲಾಟದ ಮೇಳದಲ್ಲಿ ಮದ್ದಳೆ ಬಾರಿಸುತ್ತಿದ್ದವರು. ಕುರುಗೋಡು, ತೆಕ್ಕಲಕೋಟೆ, ದೇಶನೂರು, ಆಚೆ ಆದೋನಿಯವರೆಗೂ ಕರೆಸಿಕೊಳ್ಳುತ್ತಿದ್ದರಂತೆ. ವಯಸ್ಸಿನ ಜೊತೆಗೆ ಕಿವಿ ಹೋಯಿತು. ಕಿವಿಯೊಳಗೆ ಇಡುವ ಮಿಷನ್ನೂ ಪ್ರಯೋಜನಕ್ಕೆ ಬರಲಿಲ್ಲ. ಮೇಳ ಬಿಟ್ಟ ಮೇಲೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು, ಮಾತು ಬಿಟ್ಟಿದ್ದರು. ಒಂದು ದಿನ ಊರಿನ ಮದುವೆಯಲ್ಲಿ ಮೈಕ್‌ಸೆಟ್ಟಿನ ಪೆಟ್ಟಿಗೆಗೆ ಅಕಸ್ಮಾತ್ ಕೈ ಊರಿದವರು ಅಲ್ಲಿಂದ ಕದಲಲೇ ಇಲ್ಲ. ಕರೆಯಲು ಹೋದ ಮಗಳಿಗೆ "ಕೇಳ್ಸಾಕತ್ತೈತಿ" ಎಂದರಂತೆ. ಹಳೆಯ ಆಟವೊಂದರಲ್ಲಿ ಅವರು ಬಾರಿಸಿದ್ದನ್ನು ಮೇಳದವರೊಬ್ಬರು ಟೇಪು ಮಾಡಿಟ್ಟಿದ್ದರು. ಆ ಕ್ಯಾಸೆಟ್ಟುಗಳಿಗೆಂದು ಈ ಪೆಟ್ಟಿಗೆ.

"ದಿನಾ ಸಂಜಿಕ ಇದರ ಮ್ಯಾಲ ಅಂಗೈ ಇಟ್ಟು ಕೂಡ್ತಾನ್ರಿ ಅಪ್ಪ. ಈಗ ಇದು ನಿಂತಾಗೆಲ್ಲ, ತನ್ನ ಮೈಯಾಗ ಉಳಿದಿದ್ದ ಕಿವೀನೂ ಹೋತು ಅಂತಾನ. ಪೆಟ್ಟಿಗಿ ಕೆಟ್ಟೈತಿ ಅಂದ್ರ ನಂಬೂದಿಲ್ಲ. ನನ್ನ ಸಮಾಧಾನ ಮಾಡಾಕ ಸುಳ್ಳು ಹೇಳ್ತಿ ಅಂತಾನ."

ಪೆಟ್ಟಿಗೆಯನ್ನು ಇಟ್ಟುಹೋಗಿ ಎಂದೆ.

ಮರುದಿನ ಹಿಂಬದಿಯ ಹಲಗೆ ಬಿಚ್ಚಿ ಒಳಗಿದ್ದದ್ದನ್ನೆಲ್ಲ ಹೊರತೆಗೆದು ಮೇಜಿನ ಮೇಲೆ ಹರಡಿದೆ. ಕೆಲಸ ಒಪ್ಪವಾಗಿತ್ತು. ಮನೆಯ ಕರೆಂಟು ಫ್ಯೂಸು ದಾಟಿ ಟ್ರಾನ್ಸ್‌ಫಾರ್ಮರಿಗೆ ಹೋಗುತ್ತದೆ. ಅದು ವೋಲ್ಟೇಜನ್ನು ಇಪ್ಪತ್ತನಾಲ್ಕಕ್ಕೆ ಇಳಿಸುತ್ತದೆ. ನಾಲ್ಕು ಡಯೋಡುಗಳು ಅದನ್ನು ಒಮ್ಮುಖ ಮಾಡುತ್ತವೆ. ಲೋಟದಷ್ಟು ದಪ್ಪದ ಎರಡು ಕಂಡೆನ್ಸರುಗಳು ಅದನ್ನು ತುಂಬಿಟ್ಟುಕೊಂಡು ಆಂಪ್ಲಿಫೈಯರಿಗೆ ಉಣಿಸುತ್ತವೆ. ಇಷ್ಟೇ ದಾರಿ. ಪೆಟ್ಟಿಗೆ ಪೂರ್ತಿ ಸುಮ್ಮನಾಗಿ ಮತ್ತೆ ಧಡ್ ಎಂದು ಏಳುತ್ತದೆಂದರೆ, ಕರೆಂಟು ಈ ದಾರಿಯಲ್ಲೇ ಎಲ್ಲೋ ತುಂಡಾಗಿ ಕೂಡಿಕೊಳ್ಳುತ್ತಿದೆ ಎಂದು ಅರ್ಥ. ಆದರೆ ಎಲ್ಲಿ?

ರೇಡಿಯೋದ ಸಿನಿಮಾ ಹಾಡುಗಳನ್ನು ಅದಕ್ಕೆ ಕೊಟ್ಟು, ನನ್ನ ಅಂಗಡಿಯ ಸ್ಪೀಕರಿಗೆ ಜೋಡಿಸಿ, ಮೀಟರು ಹಚ್ಚಿ ಬಿಟ್ಟೆ. ದಿನವಿಡೀ ಆಡಿತು. ಮೀಟರಿನ ಮುಳ್ಳು ಅಲುಗಲಿಲ್ಲ. ಇನ್ನೊಂದು ದಿನವೂ ಆಡಿತು. ಟೀವಿ ಬಿಚ್ಚುತ್ತ, ಒಂದು ಕಣ್ಣು ಆ ಮುಳ್ಳಿನ ಮೇಲಿಟ್ಟು, ವಾರ ಕಳೆದೆ. ಕೊನೆಗೆ ಒಂದು ಕಂಡೆನ್ಸರಿನ ಬುಡದ ಬೆಸುಗೆ ಮಂಕಾಗಿ ಬಿರುಕು ಬಿಟ್ಟಂತೆ ಕಂಡಿತು. ಸಿಕ್ಕಿತು ಎಂದುಕೊಂಡು ಅದನ್ನು ಕಾಸಿ ಹೊಸದಾಗಿ ಬೆಸೆದೆ. ಎಲ್ಲ ಒಳಗೆ ಕೂರಿಸಿ ಕಳಿಸಿಕೊಟ್ಟೆ.

ನಾಲ್ಕಾರು ದಿನದಲ್ಲಿ ಆಕೆ ಬರಿಗೈಲಿ ಬಂದಳು. ಬಾಗಿಲಲ್ಲೇ ನಿಂತು, "ಹಂಗ ಐತ್ರಿ" ಎಂದಳು.

ಊರಿನ ವೋಲ್ಟೇಜಿನ ಮೇಲೆ ಸಂಶಯ ಬಂತು. ಕುರುಗೋಡಿನ ಸುತ್ತ ನೀರಾವರಿ. ಸಂಜೆ ಪಂಪ್‌ಸೆಟ್ಟುಗಳು ಒಟ್ಟಿಗೆ ಶುರುವಾದರೆ ಮನೆಗಳ ದೀಪ ಕೆಂಪಗಾಗುತ್ತದೆ. ಅಂಗಡಿ ಮುಚ್ಚಿ, ಮೀಟರು ಮತ್ತು ಟೀವಿಗಿಡುವ ಒಂದು ಸ್ಟೆಬಿಲೈಸರು ಹೊತ್ತು ಬಸ್ಸು ಹತ್ತಿದೆ. ಬಸ್ಸಿನಲ್ಲಿ ನಿಂತೇ ಹೋಗಬೇಕಾಯಿತು. ಕಬ್ಬಿಣದಂಥ ಸ್ಟೆಬಿಲೈಸರು ಎರಡು ಪಾದಗಳ ನಡುವೆ.

ಮನೆ ಗುಡ್ಡದ ಬುಡದ ಓಣಿಯಲ್ಲಿ. ನಡುಮನೆಯಲ್ಲಿ ಆಕೆಯ ತಂದೆ, ಆ ಮದ್ದಳೆಯ ಅಜ್ಜ, ಕೂತಿದ್ದ. ಎತ್ತರದ ಆಳು, ಮೈ ಬತ್ತಿದೆ, ಆದರೆ ಅಂಗೈಗಳು ಮಾತ್ರ ಸಲಿಕೆಯಂತೆ ಅಗಲ. ನನ್ನನ್ನು ನೋಡಿ ಕಿವುಡರ ಗಟ್ಟಿ ದನಿಯಲ್ಲಿ ಹೇಳಿದ:

"ಬಳ್ಳಾರಿಯಿಂದ ಬಂದಿಯೇನ್ ತಮ್ಮಾ? ಸುಮ್ನ ತ್ರಾಸ ತಗೊಂಡಿ. ಪೆಟ್ಟಿಗಿ ಚಲೋನ ಐತಿ. ಹೋಗಿದ್ದು ನಂದು."

ನಾನು ಪೆಟ್ಟಿಗೆಯನ್ನು ತೋರಿಸಿ, ಕೆಟ್ಟಿದ್ದು ಇದು ಎಂದು ಕೈಸನ್ನೆ ಮಾಡಿದೆ. ಅವನು ನಕ್ಕ. ಆ ನಗು ನಂಬದವನ ನಗು.

ಸಂಜೆಯಾದಂತೆ ವೋಲ್ಟೇಜು ನಿಜಕ್ಕೂ ಕುಸಿಯಿತು. ಸ್ಟೆಬಿಲೈಸರು ಜೋಡಿಸಿ ಸರಿಪಡಿಸಿದೆ. ಹಿಂಬದಿ ಬಿಚ್ಚಿಟ್ಟು, ಒಳಗೆ ಮೀಟರಿನ ತಂತಿ ತೂರಿಸಿ, ಕಡೆಯ ಬಸ್ಸಿನ ಹೊತ್ತಿನವರೆಗೂ ಕೂತೆ. ಒಮ್ಮೆಯೂ ಕೆಡಲಿಲ್ಲ. ಹಲಗೆ ಮುಚ್ಚಿ, ತಿರುಪು ಬಿಗಿದು, ಸ್ಟೆಬಿಲೈಸರನ್ನು ಅಲ್ಲೇ ಬಿಟ್ಟು ಬಂದೆ. ಮರುದಿನವೇ ಕೆಟ್ಟಿತಂತೆ.

ಆಮೇಲೆ ನಾನು ಮಾಡಿದ್ದು ದಣಿದವರು ಮಾಡುವ ಕೆಲಸ. ಪೆಟ್ಟಿಗೆಯನ್ನು ಮತ್ತೆ ತರಿಸಿ ಒಂದೊಂದನ್ನೇ ಬದಲಿಸತೊಡಗಿದೆ. ಫ್ಯೂಸು ಹಿಡಿಯುವ ಗೂಡು, ಸ್ವಿಚ್ಚು, ನಾಲ್ಕೂ ಡಯೋಡು, ಎರಡೂ ಕಂಡೆನ್ಸರು. ಇದರಲ್ಲಿ ಯಾವುದೋ ಒಂದು ಕಳ್ಳನಿರಬೇಕು, ಎಲ್ಲರನ್ನೂ ಹೊರಗಟ್ಟಿದರೆ ಅವನೂ ಹೋಗುತ್ತಾನೆ ಎಂಬ ಲೆಕ್ಕ. ಟ್ರಾನ್ಸ್‌ಫಾರ್ಮರಿನ ಸುರುಳಿಗಳನ್ನು ಮೀಟರಿನಿಂದ ನೋಡಿದೆ, ಸರಿಯಾಗಿದ್ದವು. ಅದನ್ನು ಬದಲಿಸಬೇಕೆಂದರೆ ಹೊಸದಾಗಿ ಸುತ್ತಿಸಬೇಕು. ಸರಿ ಇರುವುದನ್ನು ಯಾಕೆ ಸುತ್ತಿಸಲಿ ಎಂದು ಬಿಟ್ಟೆ. ಮೇಜಿನ ಮೇಲೆ ಎಂದಿನಂತೆ ದಿನವಿಡೀ ಹಾಡಿತು. ಕಳಿಸಿದೆ. ಕೆಟ್ಟಿತು.

ಈ ಸಲ ಆಕೆ ಬಂದು ಸ್ಟೂಲಿನ ಮೇಲೆ ಕೂತಳು. ನಾನು ಕೈಯಲ್ಲಿದ್ದ ಟೀವಿಯ ಕೆಲಸ ನಿಲ್ಲಿಸಲಿಲ್ಲ. ಆಕೆಯೇ, "ಅಪ್ಪ ಅದರ ಹಂತ್ಯಾಕ ಹೋಗೂದ ಬಿಟ್ಟಾನ್ರಿ" ಎಂದಳು. "ಮುಂದ ಇಟ್ರ ಮುಖ ತಿರುವ್ತಾನ. ಮತ್ತ ಗ್ವಾಡಿ ನೋಡ್ಕೋತ ಕುಂತಾನ. ನಿಮಗ ಆಗದಿದ್ರ ಆಗೂದಿಲ್ಲ ಅಂದ್ಬಿಡ್ರಿ. ನಾನೂ ಬಿಡ್ತೀನಿ."

ಆಗುವುದಿಲ್ಲ ಎನ್ನಲು ಬಾಯಿ ತೆರೆದಿದ್ದೆ. ಎಂದಿದ್ದರೆ ಆಕೆ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಆದರೆ ಬಾಯಿಂದ ಬಂದದ್ದು, "ಇದನ್ನ ಕಟ್ಟಿದೋರು ಸಿರುಗುಪ್ಪದಾಗ ಎಲ್ಲಿರ್ತಾರ?" ಎಂಬ ಮಾತು.

ಸಿರುಗುಪ್ಪದ ಬಸ್ಸು ತೆಕ್ಕಲಕೋಟೆ ದಾಟುವಷ್ಟರಲ್ಲಿ ಕಿಟಕಿಯಿಂದ ಬರುವ ಗಾಳಿ ಒಲೆಯ ಬಾಯಿಂದ ಬಂದಂತಿತ್ತು. ಮೈಕ್‌ಸೆಟ್ಟಿನ ಅಂಗಡಿ ಅಕ್ಕಿ ಗಿರಣಿಗಳ ಸಾಲಿನ ಕೊನೆಯಲ್ಲಿ. ಒಳಗೆ ಕಹಳೆಯಂಥ ಸ್ಪೀಕರುಗಳ ನಡುವೆ ಚಾಪೆ ಹಾಸಿ ಮಲಗಿದ್ದ ದಪ್ಪನೆಯ ಮನುಷ್ಯನೇ ಅದರ ಮಾಲೀಕ. ಮಾತಿನಲ್ಲಿ ತೆಲುಗು ಅರ್ಧ, ಕನ್ನಡ ಅರ್ಧ. ನಾನು ಬಂದ ಕಾರಣ ಕೇಳಿದ್ದೇ ಎದ್ದು ಕೂತ.

"ಏಮಣ್ಣಾ, ನನ್ ಕೆಲ್ಸದಾಗ ತಪ್ಪು ಹುಡುಕಾಕ ಬಳ್ಳಾರಿಯಿಂದ ಬಸ್ ಹತ್ತಿ ಬಂದ್ಯಾ?"

"ತಪ್ಪು ಹುಡುಕಾಕ ಅಲ್ಲಣ್ಣ. ನನಗ ತಿಳಿವಲ್ದು. ನಾನು ಸೋತೀನಿ. ಅದನ್ನ ಕಟ್ಟಿದೋನು ನೀನು, ನಿನಗ ಹೊಳೀಬಹುದು ಅಂತ ಬಂದೆ."

ಸೋತೀನಿ ಎಂದದ್ದು ಅವನ ಮುಖ ಸಡಿಲಿಸಿತು. ಚಹಾ ತರಿಸಿದ. ನಕ್ಷೆ ಗಿಕ್ಷೆ ಏನೂ ಇರಲಿಲ್ಲ, ಎಲ್ಲ ತಲೆಯಲ್ಲೇ. ಒಂದೊಂದನ್ನೂ ಬೆರಳು ಮಡಚುತ್ತ ಹೇಳಿದ. ಅದರಲ್ಲಿ ನನಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಬಂದ ದಾರಿಗೆ ಸುಂಕವಿಲ್ಲವೆಂದು ಏಳಲು ಹೊರಟೆ. ಆಗ ಅವನು ಚಹಾದ ಲೋಟ ಕೆಳಗಿಡುತ್ತ, ತನ್ನಷ್ಟಕ್ಕೇ ಗೊಣಗಿದ:

"ಮೊದ್ಲು ಟ್ರಾನ್ಸ್‌ಫಾರ್ಮರು ಹೊರಗ ಇಟ್ಟಿದ್ನಿ, ಬ್ಯಾರೆ ಹಲಗಿ ಮ್ಯಾಲ. ಆವಮ್ಮನೇ ಅದನ್ನ ಒಳಗ ಹಾಕು ಅಂದ್ಲು. ಮುದುಕ ಮುಟ್ಟಿ ಶಾಕ್ ಹೊಡಿಸ್ಕೊಂತಾನ ಅಂತ ಹೆದರಿಕಿ. ಆಮ್ಯಾಲ ಪೆಟ್ಟಿಗಿ ತಳಕ್ಕ ಬೋಲ್ಟ್ ಹಾಕಿ ಬಿಗದೆ."

"ಹೊರಗ ಇದ್ದಾಗ ನಿಂತಿತ್ತೇನು?"

"ಎರಡ್ ವಾರ ನಮ್ ಅಂಗಡ್ಯಾಗ ಆಡೇತಿ. ಒಮ್ಮಿನೂ ನಿಂತಿಲ್ಲ."

ಮರಳುವ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಕಣ್ಣು ಮುಚ್ಚಿದೆ, ನಿದ್ದೆ ಬರಲಿಲ್ಲ. ಅವನ ಅಂಗಡಿಯಲ್ಲಿ ಟ್ರಾನ್ಸ್‌ಫಾರ್ಮರು ಹೊರಗಿತ್ತು, ಕೆಡಲಿಲ್ಲ. ನನ್ನ ಮೇಜಿನ ಮೇಲೂ ಹೊರಗೇ ಇತ್ತು, ಕೆಡಲಿಲ್ಲ. ಕುರುಗೋಡಿನಲ್ಲಿ ನಾನು ಹಿಂಬದಿ ಬಿಚ್ಚಿ ಕೂತಾಗಲೂ ಕೆಡಲಿಲ್ಲ, ಯಾಕೆಂದರೆ ಗಾಳಿಯಾಡುತ್ತಿತ್ತು, ಮೇಲಾಗಿ ಹಲಗೆ ಇಲ್ಲದ ಪೆಟ್ಟಿಗೆಯಲ್ಲಿ ಸ್ಪೀಕರಿನ ಗುದ್ದಿಗೆ ಬಲವಿರುವುದಿಲ್ಲ. ಪೆಟ್ಟಿಗೆ ಕೆಡುತ್ತಿದ್ದದ್ದು ಮುಚ್ಚಿದಾಗ ಮಾತ್ರ. ಒಳಗೆ ಕಾವು ಏರಿ, ಒಳಗಿನದೆಲ್ಲ ಅದುರುವಾಗ ಮಾತ್ರ. ಅದೂ ನನ್ನ ಸಿನಿಮಾ ಹಾಡಿಗಲ್ಲ, ಮದ್ದಳೆಯ ಹೊಡೆತಕ್ಕೆ. ನಾನು ಪ್ರತಿ ಸಲವೂ ತಪ್ಪು ಹುಡುಕಲೆಂದು ಬಿಚ್ಚುತ್ತಿದ್ದೆ. ಬಿಚ್ಚಿದ ಕೂಡಲೇ ತಪ್ಪು ಮಾಯವಾಗುತ್ತಿತ್ತು.

ಇನ್ನು ಪೆಟ್ಟಿಗೆಯನ್ನು ಬಳ್ಳಾರಿಗೆ ತರಿಸಬಾರದು, ಬಿಚ್ಚಲೂಬಾರದು ಎಂದು ಬಸ್ಸಿನಲ್ಲೇ ನಿರ್ಧರಿಸಿದೆ. ಅದು ಇರುವ ಮನೆಯಲ್ಲಿ, ಇರುವ ಜಾಗದಲ್ಲಿ, ಮುಚ್ಚಿಟ್ಟೇ ನೋಡಬೇಕು. ಆದರೆ ಮುಚ್ಚಿದ ಪೆಟ್ಟಿಗೆಯ ಒಳಗೆ ನೋಡುವುದು ಹೇಗೆ? ಮೀಟರು ಒಂದೇ. ಅದನ್ನು ಒಂದು ಕಡೆ ಹಚ್ಚಿದರೆ ಇನ್ನೊಂದು ಕಡೆ ಏನಾಯಿತೆಂದು ತಿಳಿಯುವುದಿಲ್ಲ. ಹಿಡಿದು ನೋಡುವಷ್ಟರಲ್ಲಿ ಪೆಟ್ಟಿಗೆ ಎದ್ದು ಕೂತಿರುತ್ತದೆ.

ಒಂದೊಂದು ಕಡೆಗೂ ಒಂದೊಂದು ದೀಪ ಹಚ್ಚುವ ವಿಚಾರ ಹೊಳೆದದ್ದು ಲಾರಿಯೊಂದು ನಮ್ಮ ಬಸ್ಸನ್ನು ದಾಟಿ ಹೋದಾಗ. ಲಾರಿಯ ಬಲ್ಬೂ ಇಪ್ಪತ್ತನಾಲ್ಕು ವೋಲ್ಟಿನದೇ.

ಶನಿವಾರ ಅಂಗಡಿಗೆ ಬೀಗ ಹಾಕಿದೆ. ಟೀವಿಯವರು ಬಯ್ದುಕೊಳ್ಳಲಿ. ಕುರುಗೋಡಿಗೆ ಹೋಗಿ ಪೆಟ್ಟಿಗೆಯೊಳಗಿಂದ ಮೂರು ಜೊತೆ ತಂತಿಗಳನ್ನು ಸಣ್ಣ ತೂತಿನಿಂದ ಹೊರಗೆಳೆದೆ. ಒಂದು ಜೊತೆ ಫ್ಯೂಸು, ಸ್ವಿಚ್ಚು ದಾಟಿದ ಮೇಲಿನ ಮನೆ ಕರೆಂಟಿನದು. ಅದಕ್ಕೆ ಕೆಂಪು ಜೀರೋ ಬಲ್ಬು. ಇನ್ನೊಂದು ಟ್ರಾನ್ಸ್‌ಫಾರ್ಮರಿನಿಂದ ಇಳಿದು ಬರುವ ಕರೆಂಟಿನದು. ಅದಕ್ಕೆ ಲಾರಿಯ ಬಲ್ಬು, ಸುತ್ತ ಹಸಿರು ಜಿಲೇಟಿನ್ ಕಾಗದ. ಮೂರನೆಯದು ಕಂಡೆನ್ಸರುಗಳ ಮೇಲಿನದು. ಅಲ್ಲಿ ವೋಲ್ಟೇಜು ಹೆಚ್ಚಿರುವುದರಿಂದ ಎರಡು ಸಣ್ಣ ಬಲ್ಬು ಸರಪಳಿ ಮಾಡಿ ಹಳದಿ ಕಾಗದ ಸುತ್ತಿದೆ. ಮೂರನ್ನೂ ಒಂದು ಹಲಗೆಗೆ ಬಡಿದು, ಕೈ ತಾಗದಂತೆ ಗೋಡೆಯ ಗೂಡಿನಲ್ಲಿ ಎತ್ತರಕ್ಕಿಟ್ಟೆ. ಹಿಂಬದಿ ಮುಚ್ಚಿ ಎಲ್ಲ ತಿರುಪುಗಳನ್ನೂ ಬಿಗಿದೆ.

ಅಜ್ಜ ಗೋಡೆಯ ಕಡೆ ಮುಖ ಮಾಡಿ ಕೂತಿದ್ದವನು, ಬಣ್ಣದ ಕಾಗದದ ಸದ್ದು ಕೇಳಿಸದಿದ್ದರೂ ಏನೋ ನಡೆದಿದೆಯೆಂದು ತಿರುಗಿದ್ದ.

"ಏನದು ಬೇ, ಹಬ್ಬಕ್ಕ ದೀಪ ಕಟ್ಟಾಕತ್ತಾನೇನು?" ಎಂದು ಮಗಳನ್ನು ಕೇಳಿದ.

ಮಗಳು ಅವನ ಮುಂದೆ ಕೂತು, ತುಟಿ ಕಾಣುವಂತೆ, ಕೈ ಮಾಡುತ್ತ ನಿಧಾನಕ್ಕೆ ಹೇಳಿದಳು. "ಪೆಟ್ಟಿಗಿ ಜೀವಂತ ಇದ್ರ ಮೂರೂ ಉರಿತಾವ. ಪೆಟ್ಟಿಗಿ ಸತ್ರ ಯಾವುದಾರ ಒಂದು ಆರತೈತಿ. ನಿನ್ನ ಕೈ ಸುಳ್ಳೋ ಪೆಟ್ಟಿಗಿ ಸುಳ್ಳೋ, ನೀನ ನೋಡು."

ಅಜ್ಜ ಬಹಳ ಹೊತ್ತು ದೀಪಗಳನ್ನು ನೋಡಿದ. ಆಮೇಲೆ ಸರಿದು ಬಂದು ಪೆಟ್ಟಿಗೆಯ ನೆತ್ತಿಯ ಮೇಲೆ ಬಲ ಅಂಗೈ ಊರಿದ. ಮಗಳು ಕ್ಯಾಸೆಟ್ಟು ಹಾಕಿದಳು.

ಟೇಪ್‌ರೆಕಾರ್ಡಿನಿಂದ ಹಾಡಿನವರ ದನಿ ಕೀರಲಾಗಿ ಬರುತ್ತಿತ್ತು. ಪೆಟ್ಟಿಗೆಯಿಂದ ಮದ್ದಳೆ ಮಾತ್ರ, ನೆಲದೊಳಗಿಂದ ಬಂದ ಹಾಗೆ. ನಾನು ಗೋಡೆಗೊರಗಿ ಕೂತೆ. ಕಾಯುವುದೇ ಕೆಲಸ. ಸೆಕೆಗೆ ಕಣ್ಣು ಎಳೆಯುತ್ತಿದ್ದವು. ಒಂದು ಕ್ಯಾಸೆಟ್ಟು ಮುಗಿಯಿತು, ಇನ್ನೊಂದು ಶುರುವಾಯಿತು. ಪೆಟ್ಟಿಗೆಯ ಮರ ಮುಟ್ಟಿದರೆ ಬೆಚ್ಚಗಾಗಿತ್ತು. ಹಾಡು ಮುಗಿದು ಕುಣಿತ ಶುರುವಾದ ಕಡೆ ಎಡಗೈಯ ದಪ್ಪ ಪೆಟ್ಟುಗಳು ಒಂದರ ಮೇಲೊಂದು ಬೀಳತೊಡಗಿದವು.

"ನಿಂತ್ತು!" ಅಂದ ಅಜ್ಜ.

ನಾನಿನ್ನೂ ಏನನ್ನೂ ಗುರುತಿಸಿರಲಿಲ್ಲ. ಅವನ ಅಂಗೈ ನನ್ನ ಕಿವಿಗಿಂತ ಮುಂದಿತ್ತು. ಗೂಡು ನೋಡಿದೆ. ಕೆಂಪು ಉರಿಯುತ್ತಿತ್ತು. ಹಸಿರು ಆರಿತ್ತು. ಹಳದಿ, ಕಂಡೆನ್ಸರಿನಲ್ಲಿ ಉಳಿದದ್ದನ್ನು ಕುಡಿಯುತ್ತ, ನಿಧಾನವಾಗಿ ಮಂಕಾಗಿ ಅದೂ ಆರಿತು.

ಓಡಿ ಹೋಗಿ ಪ್ಲಗ್ಗು ಕಿತ್ತೆ. ಪೆಟ್ಟಿಗೆ ಅಲುಗಿಸಬೇಡಿ ಎಂದು ಕೂಗಿ, ಟ್ರಾನ್ಸ್‌ಫಾರ್ಮರಿಗೆ ಹೋಗುವ ಆ ಕೆಂಪು ದೀಪದ ತಂತಿಗಳಿಗೇ, ಬಲ್ಬು ಕಳಚಿ, ಮೀಟರು ಹಚ್ಚಿದೆ. ಮುಳ್ಳು ಬಿದ್ದುಕೊಂಡಿತ್ತು. ಮನೆ ಕರೆಂಟು ಒಳಹೋಗುವ ಸುರುಳಿ ತುಂಡು. ನೋಡುತ್ತಿದ್ದಂತೆಯೇ ಪೆಟ್ಟಿಗೆಯ ಮಗ್ಗುಲಿಗೆ ಬೆರಳಿನಿಂದ ಬಡಿದೆ. ಮುಳ್ಳು ಎದ್ದು ತನ್ನ ಜಾಗಕ್ಕೆ ಬಂದು ಕೂತಿತು. ಅಷ್ಟು ದಿನ ತಣ್ಣಗೆ ಮೇಜಿನ ಮೇಲಿದ್ದಾಗ ನನಗೆ ತೋರಿಸುತ್ತಿದ್ದ ಅದೇ ಸುಳ್ಳು ಜಾಗ.

ನಾನು ಮೀಟರು ಹಿಡಿದುಕೊಂಡು ಸುಮ್ಮನೆ ಕೂತುಬಿಟ್ಟೆ. ಸಂತೋಷವೆನ್ನಲಾರೆ. ಹೊರೆಯಿಳಿಸಿದ ಮೇಲೆ ಭುಜ ನೋಯುವುದು ಗೊತ್ತಾಗುತ್ತದಲ್ಲ, ಹಾಗಿತ್ತು.

ಅಜ್ಜ ಮಾತ್ರ ಆರಿದ ದೀಪಗಳನ್ನೇ ನೋಡುತ್ತಿದ್ದ.

"ಹಂಗಾರ ನಾನಲ್ಲ," ಅಂದ. ಮಗಳ ಕಡೆ ತಿರುಗಿ, "ನಾನಲ್ಲ ಬೇ. ಪೆಟ್ಟಿಗೀನ ಐತಿ." ಅಂದ.

ಆಕೆ ತಲೆಯಾಡಿಸಿ, ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋದಳು.

ಭಾನುವಾರ ಅಲ್ಲೇ ಅಂಗಳದಲ್ಲಿ ಟ್ರಾನ್ಸ್‌ಫಾರ್ಮರು ಹೊರತೆಗೆದು ಬ್ಲೇಡಿನಿಂದ ಸುತ್ತಿನ ಕಾಗದ ಸೀಳಿದೆ. ಕೂದಲಿನಂಥ ತಾಮ್ರದ ತಂತಿಯನ್ನು ಹೊರಗಿನ ದಪ್ಪ ತಂತಿಗೆ ಕೂಡಿಸಿದ ಕಡೆ, ಕಾಗದದ ಮಡಿಕೆಯೊಳಗೆ, ಎಳ್ಳಿನಷ್ಟು ದೊಡ್ಡ ಬೆಸುಗೆ. ನೋಡಲು ಫಳಫಳ. ಉಗುರಿನಿಂದ ಎತ್ತಿದರೆ ತಂತಿ ಅದರೊಳಗಿಂದ ಜಾರಿ ಬಂತು. ತಂತಿಯ ಮೇಲಿನ ವಾರ್ನಿಶ್ ಕೆರೆಯದೇ ಬೆಸೆದಿದ್ದರು. ಬೆಸುಗೆ ತಂತಿಯನ್ನು ಹಿಡಿದಿರಲಿಲ್ಲ, ಅಪ್ಪಿಕೊಂಡಂತೆ ನಟಿಸುತ್ತಿತ್ತು. ತಣ್ಣಗಿರುವ ತನಕ ತಾಗಿಕೊಂಡಿರುತ್ತಿತ್ತು. ಕಾದು ಅದುರಿದಾಗ ಬಿಡುತ್ತಿತ್ತು. ಮೈಕ್‌ಸೆಟ್ಟಿನವನು ಭಾಗಗಳ ಲೆಕ್ಕ ಹೇಳುವಾಗಲೇ ಅದು ತಾನು ಸುತ್ತಿದ್ದಲ್ಲವೆಂದೂ, ಸುತ್ತಿದವನು ಊರು ಬಿಟ್ಟನೆಂದೂ ಹೇಳಿದ್ದ. ಯಾರದ್ದಾದರೇನು. ದಿನದ ಕೊನೆಯಲ್ಲಿ, ಸೊಂಟ ನೋಯುವಾಗ, ನನ್ನ ಕೈಯಿಂದಲೂ ಅಂಥ ಬೆಸುಗೆ ಬೀಳಬಹುದಿತ್ತು.

ವಾರ್ನಿಶ್ ಕೆರೆದು, ತಾಮ್ರ ಕೆಂಪಗೆ ಕಂಡ ಮೇಲೆ ಬೆಸೆದು, ಅದರ ಮೇಲೆ ಪ್ಲಾಸ್ಟಿಕ್ ಕೊಳವೆ ಏರಿಸಿ, ಅಲುಗದಂತೆ ದಾರ ಕಟ್ಟಿದೆ. ಟ್ರಾನ್ಸ್‌ಫಾರ್ಮರಿನ ಕಾಲುಗಳ ಕೆಳಗೆ ಸೈಕಲ್ ಟ್ಯೂಬಿನ ತುಂಡಿಟ್ಟು ಬೋಲ್ಟು ಬಿಗಿದೆ. ಹಿಂಬದಿಯ ಹಲಗೆಯ ಮೇಲ್ತುದಿಯಲ್ಲಿ ಕಾವು ಹೊರಹೋಗಲು ನಾಲ್ಕು ತೂತು ಕೊರೆದೆ. ದೀಪಗಳನ್ನು ಕಿತ್ತಿರಲಿಲ್ಲ. ಪರೀಕ್ಷೆ ಆಗಬೇಕಿತ್ತು.

ಊಟವಾದ ಮೇಲೆ ಅದೇ ಕ್ಯಾಸೆಟ್ಟು ಹಾಕಿದೆವು. ಅಜ್ಜ ಅಂಗೈ ಊರಿ ಕೂತ. ಮೂರೂ ದೀಪ ಉರಿಯುತ್ತಿದ್ದವು. ಹಾಡು ಹೋಯಿತು, ಕುಣಿತ ಬಂತು, ಎಡಗೈಯ ಪೆಟ್ಟುಗಳು ಬಂದವು, ನೆಲ ಗುಮ್ಮೆನ್ನುತ್ತಿತ್ತು. ಹಸಿರು ಕದಲಲಿಲ್ಲ. ಗೆದ್ದೆವೆಂದು ಮಗಳ ಕಡೆ ನೋಡಿ ನಗುವಷ್ಟರಲ್ಲಿ ಅಜ್ಜ ಹೇಳಿದ:

"ನಿಂತ್ತು."

ನಾನು ಗೂಡು ನೋಡಿದೆ. ಮೂರೂ ಉರಿಯುತ್ತಿದ್ದವು. ಪೆಟ್ಟಿಗೆಯ ಮಗ್ಗುಲಿಗೆ ಕೈಯಿಟ್ಟೆ. ಮದ್ದಳೆ ನನ್ನ ಮೊಳಕೈವರೆಗೂ ಏರಿ ಬರುತ್ತಿತ್ತು.

ಈ ಸಲ ನಿಂತದ್ದು ಪೆಟ್ಟಿಗೆಯಲ್ಲವೆಂದು ಮಗಳಿಗೂ ಅರ್ಥವಾಯಿತು. ಅಪ್ಪನಿಗೆ ತುಟಿ ಕಾಣದಂತೆ ಮುಖ ತಿರುಗಿಸಿ, ಅವಸರದಲ್ಲಿ ನನಗೆ ಹೇಳಿದಳು: "ಸಕ್ಕರಿ ಬ್ಯಾನಿ ಐತ್ರಿ ಅವಗ. ಬೆರಳು ಜೋಮು ಹಿಡಿತಾವ ಅಂತಿದ್ದ. ಇನ್ನೂ ಕೆಟ್ಟೈತಿ ಅಂತ ಹೇಳ್ರಿ. ಪ್ಲಗ್ ಕಿತ್ತಬಿಡ್ರಿ. ನಿಮ್ಮ ಕೈ ಮುಗಿತೀನಿ."

ಕೀಳಬಹುದಿತ್ತು. ಪ್ಲಗ್ಗು ನನ್ನ ಮೊಣಕಾಲಿನ ಪಕ್ಕದಲ್ಲೇ ಇತ್ತು. ಕಿತ್ತರೆ ದೀಪಗಳೂ ಆರುತ್ತಿದ್ದವು, ಅವನು ನಂಬುತ್ತಿದ್ದ. ಅದುವರೆಗಿನ ಬಸ್ಸು, ಸೆಕೆ, ಸೋಲು ಎಲ್ಲ ಬಂದು ನಿಂತದ್ದು ಆ ಪ್ಲಗ್ಗಿನ ಮುಂದೆ. ನನ್ನ ಕೈ ಅದರ ಕಡೆ ಹೋಗಿಯೂ ಇತ್ತು.

ಆದರೆ ಅಜ್ಜ ಆಗಲೇ ಗೂಡಿನ ಕಡೆ ಕತ್ತೆತ್ತಿದ್ದ.

"ಮೂರೂ ಉರಿಯಾಕತ್ತಾವು," ಅಂದ.

ಅವನು ಬಲಗೈಯನ್ನು ಪೆಟ್ಟಿಗೆಯಿಂದ ತೆಗೆದು ಕಣ್ಣಿನ ಹತ್ತಿರ ತಂದು, ಬೇರೆ ಯಾರದೋ ಕೈ ನೋಡುವವನಂತೆ ತಿರುಗಿಸಿ ನೋಡಿದ. ಎಡಗೈ ಇಟ್ಟು ನೋಡಿದ. ತಲೆಯಾಡಿಸಿದ. ಮತ್ತೆ ಗೋಡೆಗೆ ತಿರುಗುತ್ತಾನೆಂದೇ ನಾನು ತಿಳಿದೆ. ಮಗಳು ಅವನ ಭುಜ ಹಿಡಿಯಲು ಮುಂದೆ ಬಂದಳು. ಅವನು ಆಕೆಯನ್ನು ಮೆಲ್ಲಗೆ ಸರಿಸಿದ.

ಆಮೇಲೆ ಅವನು ಮಾಡಿದ್ದು, ಇಷ್ಟು ದಿನ ನಾನು ಮಾಡಿದ್ದೇ. ಒಂದೊಂದು ಕಡೆಯಾಗಿ ನೋಡತೊಡಗಿದ. ಮೊಳಕೈ ಊರಿದ. ಬಗ್ಗಿ ಗಲ್ಲ ಹಚ್ಚಿದ. ಎರಡೂ ಕಡೆ ಸ್ವಲ್ಪ ಹೊತ್ತು ತಡೆದು, ಉಹುಂ ಎಂದ. ಕೊನೆಗೆ ಅಂಗಿಯ ಗುಂಡಿ ಬಿಚ್ಚಿ ತೆಗೆದಿಟ್ಟು, ನೆಲದ ಮೇಲೆ ಕಾಲು ಚಾಚಿ, ಬರಿ ಬೆನ್ನನ್ನು ಪೆಟ್ಟಿಗೆಗೆ ಒರಗಿಸಿ ಕೂತ. ಕಣ್ಣು ಮುಚ್ಚಿದ. ಎಲುಬು ಕಾಣುವ ಆ ಎದೆ ಏರಿ ಇಳಿಯುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಅವನ ಬಲಗೈ ತೊಡೆಯ ಮೇಲೆ ಅಲುಗಿತು. ಮೊದಲ ಪೆಟ್ಟು ತಾಳ ತಪ್ಪಿ ಬಿತ್ತು. ಎರಡನೆಯದು ಟೇಪಿನ ಪೆಟ್ಟಿನ ಜೊತೆಗೇ ಬಿತ್ತು. ಆಮೇಲೆ ಎಡಗೈಯೂ ಸೇರಿತು. ಜೋಮು ಹಿಡಿದ ಕೈಗಳೇ, ಆದರೆ ಹೊಡೆಯಲು ಅವಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಮಗಳು ಹೊಸ್ತಿಲ ಮೇಲೆ ಕೂತಳು.

ನನ್ನ ಬಸ್ಸಿನ ಹೊತ್ತಾಗಿತ್ತು. ಉಪಕರಣಗಳನ್ನು ಚೀಲಕ್ಕೆ ತುಂಬಬೇಕಿತ್ತು, ಏಳಲಾಗಲಿಲ್ಲ. ಗೋಡೆಗೊರಗಿ ಅವನನ್ನೇ ನೋಡುತ್ತ ಕೂತೆ. ಎಷ್ಟು ಹೊತ್ತೋ.

ಅಜ್ಜ ಕಣ್ಣು ತೆರೆಯದೇ ಕೈ ನಿಲ್ಲಿಸಿದ.

"ಕ್ಯಾಸೆಟ್ಟಿನ ಈ ಮಗ್ಗಲ ಮುಗೀತು," ಅಂದ. "ತಿರುವಿ ಹಾಕು ತಮ್ಮಾ."

ಟೇಪ್‌ರೆಕಾರ್ಡು ನೋಡಿದೆ. ಕ್ಯಾಸೆಟ್ಟು ನಿಂತಿತ್ತು. ಎದ್ದು ಹೋಗಿ ತಿರುವಿ ಹಾಕಿದೆ.